ಹೊಲದ ಕಾವಲಿಗೆ ಬಂದೂಕು: ಕೊಳ್ಳುವ ಮೊದಲು ಚೇಂಬರ್ ನೋಡಿ

ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಕುಷ್ಟಗಿ, ಯಲಬುರ್ಗಾ ಕಡೆ ಹಂದಿ ಕಾಟ ಶುರು. ಆಗ ‘ಒಂದು ಬಂದೂಕು ತಗೊಳ್ಳಬೇಕು, ಯಾವುದು ಚಲೋ?’ ಎಂದು ಕೇಳುವವರೂ ಜಾಸ್ತಿ. ಹಳೇ ಬಂದೂಕನ್ನು ಅವಸರದಲ್ಲಿ ಕೊಂಡು ಪೇಚಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಶಿಕಾರಿಯ ಮಾತಿಲ್ಲ. ಲೈಸೆನ್ಸ್ ಸಿಕ್ಕಿತೆಂದು ಹಂದಿಗಾಗಲಿ ಕೃಷ್ಣಮೃಗಕ್ಕಾಗಲಿ ಗುರಿ ಇಡುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.

ಲೈಸೆನ್ಸ್‌ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ. ಬೆಳೆ ಕಾಯಲು 1959ರ ಶಸ್ತ್ರಾಸ್ತ್ರ ಕಾಯ್ದೆ ಮೊದಲು ಹೇಳುವುದು ಮೂತಿಯಿಂದ ಮದ್ದು ತುಂಬುವ ಬಂದೂಕನ್ನೇ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಬಂದೂಕಿಗೂ ಒಪ್ಪಿಗೆ ಕೊಡಬಹುದು. ಅದರ ನಳಿಗೆ 20 ಇಂಚಿಗಿಂತ ಕಡಿಮೆ ಇರಬಾರದು. ನಿಮ್ಮ ಹೊಲ ಎಲ್ಲಿದೆ, ಎಷ್ಟು ಬೆಳೆ ಹಾಳಾಗಿದೆ ಎಂಬುದನ್ನು ಅರ್ಜಿಯಲ್ಲೇ ಬಿಡಿಸಿ ಬರೆಯಿರಿ.

ಇನ್ನು ಆಯ್ಕೆ. ನನ್ನ ಮಾತು ಕೇಳುವುದಾದರೆ 12 ಬೋರಿನ ಜೋಡು ನಳಿಗೆ ಬಂದೂಕನ್ನೇ ಕೊಳ್ಳಿ. ಬೋರ್ ಅಂದರೆ ನಳಿಗೆಯ ಒಳಗಾತ್ರದ ಅಳತೆ; ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ನಡುವೆ ಮಡಚಿ ತೆರೆದರೆ ಖಾಲಿ ಇದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ. ಮಕ್ಕಳಿರುವ ಮನೆಗೆ ಅದಕ್ಕಿಂತ ದೊಡ್ಡ ಗುಣ ಬೇರೆ ಇಲ್ಲ. ಒಂಟಿ ನಳಿಗೆ ಹಗುರ, ಅಗ್ಗ. ಆದರೆ ಹಗುರವಾದಷ್ಟೂ ಹೆಗಲಿಗೆ ಒದೆ ಜಾಸ್ತಿ.

ಜನ ಎಡವುವುದು ಚೇಂಬರಿನಲ್ಲಿ, ಅಂದರೆ ತೋಟಾ ಕೂರುವ ಜಾಗದಲ್ಲಿ. ಹಳೇ 12 ಬೋರ್ ಬಂದೂಕುಗಳಲ್ಲಿ ಬಹಳಷ್ಟರ ಚೇಂಬರ್ 65 ಮಿ.ಮೀ. ಇರುತ್ತದೆ. ಈಚಿನವು 70 ಮಿ.ಮೀ. ತೋಟಾ ಡಬ್ಬಿಯ ಮೇಲೆ ಬರೆದ 70 ಎಂಬುದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಸಿಡಿಯುವ ಮೊದಲು ಬಾಯಿ ಮಡಚಿರುವುದರಿಂದ ಅದು ಗಿಡ್ಡ. ಹಾಗಾಗಿ 70ರ ತೋಟಾ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ. ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ಬಿರಿಯುವ ಅಪಾಯ ಇರುವುದು ಅಲ್ಲೇ.

ಗಂಗಾವತಿ ಹತ್ತಿರ ನಮ್ಮ ಕಾಕಾ ಒಬ್ಬರ ಮನೆಯಲ್ಲಿ ಅಜ್ಜನ ಕಾಲದ ಬಂದೂಕಿತ್ತು. ‘ಕಾಕಾ, ಇದರ ಚೇಂಬರ್ ಎಷ್ಟು?’ ಎಂದೆ. ‘ತೋಟಾ ಸರಿಯಾಗಿ ಕುಂತೈತಲ್ಲೋ ತಮ್ಮಾ, ಮತ್ತೇನ್ ನೋಡೋದು?’ ಅಂದರು. ನಳಿಗೆ ಬಿಚ್ಚಿ ತಿರುವಿ ಹಾಕಿದೆ. ಕೆಳಗಿನ ಚಪ್ಪಟೆ ಜಾಗದಲ್ಲಿ ಎಣ್ಣೆ ಕೊಳೆ ಮೆತ್ತಿತ್ತು. ಬಟ್ಟೆಯಿಂದ ಉಜ್ಜಿದ ಮೇಲೆ ಸಣ್ಣ ಅಂಕಿಯಲ್ಲಿ 65 ಕಂಡಿತು. ಡಬ್ಬಿಯ ಮೇಲೆ 70 ಇತ್ತು. ಕಾಕಾ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಮಾತೇ ಆಡಲಿಲ್ಲ.

ನೀವೂ ಅಲ್ಲೇ ನೋಡಿ. 65 ಎಂದಾಗಲಿ ಎರಡೂವರೆ ಇಂಚು ಎಂದಾಗಲಿ ಇದ್ದರೆ 65ರ ತೋಟಾ ಮಾತ್ರ. ಗುರುತು ಅಳಿಸಿದ್ದರೆ ಬಂದೂಕು ರಿಪೇರಿಯವರಿಂದ ಅಳೆಸಿ. 20 ಬೋರಿನ ತೋಟಾ ಒಂದೂ ಮನೆಯಲ್ಲಿರಬಾರದು. ಅದು 12 ಬೋರಿನ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾಕಿ ಹೊಡೆದರೆ ಗತಿ ಏನು? 20ರ ತೋಟಾಕ್ಕೆ ಹಳದಿ ಬಣ್ಣ ಹಚ್ಚುವುದು ಇದಕ್ಕೇ. ಮನೆಯಲ್ಲೇ ಮದ್ದು ತುಂಬಿ ಕೊಡುವ ಅಗ್ಗದ ತೋಟಾಗಳನ್ನಂತೂ ಮುಟ್ಟಲೇಬೇಡಿ.

ಆಮೇಲೆ ನಳಿಗೆ. ಖಾಲಿ ಇದೆಯೆಂದು ಎರಡು ಸಲ ನೋಡಿ, ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದು ಒಳಗೆ ಕಣ್ಣಾಡಿಸಿ. ಬೆಳಕಿನ ಗೆರೆ ನೇರವಾಗಿ ಓಡಬೇಕು. ಎಲ್ಲಾದರೂ ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ, ಅದು ಬೇಡ. ಜೋಡು ನಳಿಗೆಯನ್ನು ಕೊಂಡಿಯ ಹತ್ತಿರ ಬೆರಳಲ್ಲಿ ತೂಗುಬಿಟ್ಟು ಉಗುರಿನಿಂದ ತಟ್ಟಿ. ಗಂಟೆಯಂತೆ ಠಣ್ಣೆಂದರೆ ಬೆಸುಗೆ ಗಟ್ಟಿ. ಗೊರಗೊರ ಅಂದರೆ ಬಿಟ್ಟಿದೆ. ಮತ್ತೆ ಜೋಡಿಸಿ, ಮುಚ್ಚಿ ಕಿಟಕಿಗೆ ಹಿಡಿದಾಗ ನಳಿಗೆಯ ಬುಡದಲ್ಲಿ ಬೆಳಕು ಇಣುಕಬಾರದು. ಹೊಸ ಕಪ್ಪು ಪಾಲಿಶ್ ನೋಡಿ ಮರುಳಾಗಬೇಡಿ. ತುಕ್ಕಿನ ಗುಳಿ ಮುಚ್ಚಲು ಅದನ್ನು ಹಚ್ಚುವವರಿದ್ದಾರೆ.

ಮರದ ಹಿಡಿ ನಿಮ್ಮ ಮೈಗೆ ಹೊಂದಬೇಕು. ಕಣ್ಣು ಮುಚ್ಚಿ ಖಾಲಿ ಬಂದೂಕನ್ನು ಗೋಡೆಯ ಕಡೆ ಹೆಗಲಿಗೆ ಏರಿಸಿ, ಕಣ್ಣು ತೆರೆಯಿರಿ. ಕತ್ತು ತಿರುಚದೆ ನಳಿಗೆಯ ತುದಿಯ ಮಣಿ ನೇರ ಕಂಡರೆ ಸರಿ. ದಪ್ಪ ಸ್ವೆಟರ್ ಹಾಕಿಕೊಂಡೂ ಒಮ್ಮೆ ನೋಡಿ. ಚಳಿಯಲ್ಲಿ ಅಟ್ಟಣಿಗೆ ಮೇಲೆ ಕೂರುವವರು ನೀವೇ ಅಲ್ವಾ?

ದುಡ್ಡು ಕೊಡುವ ಮುನ್ನ ಬಂದೂಕಿನ ನಂಬರನ್ನೂ ಕಾಗದದಲ್ಲಿನ ನಂಬರನ್ನೂ ಒಂದೊಂದೇ ಅಂಕಿ ಓದಿ ತಾಳೆ ನೋಡಿ. ಚುನಾವಣೆ ಬಂದು ಠಾಣೆಗೆ ಒಪ್ಪಿಸುವಾಗ ನಳಿಗೆಯ ಒಳಗೂ ಹೊರಗೂ ತೆಳುವಾಗಿ ಎಣ್ಣೆ ಸವರಿ ಕೊಡಿ, ರಸೀದಿ ತಗೊಳ್ಳಿ. ವಾರಗಟ್ಟಲೆ ಅದು ಅಲ್ಲೇ ಇರುತ್ತದೆ.