ಡಿಸೆಂಬರಿನ ಕಾಗದ, ಸಂಕ್ರಾಂತಿಯ ಪೊಟ್ಟಣ

ಅಮೆರಿಕದಲ್ಲಿ ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಉಡುಗೊರೆ ಸುತ್ತುವ ಕಾಗದ, ರಿಬ್ಬನ್, ಚೀಲಗಳೆಲ್ಲ ಅರ್ಧ ಬೆಲೆಗೆ ಇಳಿಯುತ್ತವೆ. ನಾನಿರುವ ನ್ಯೂಜೆರ್ಸಿಯಲ್ಲೂ ಹಾಗೇ. ಹಾಗೆ ಕೊಂಡು ತಂದದ್ದು, ಊರು ಬಿಟ್ಟು ಹೋದ ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲ ಸೇರಿ ನಮ್ಮ ಬೇಸ್‌ಮೆಂಟಿನ ಒಂದು ಮೂಲೆಯೇ ತುಂಬಿತ್ತು. ಮುಂದಿನ ಡಿಸೆಂಬರಿಗೆ ಇರಲಿ ಎಂದು ಎತ್ತಿಡಲು ನನಗೆ ಮನಸ್ಸಾಗಲಿಲ್ಲ. ಸಂಕ್ರಾಂತಿಗೆ ಇನ್ನು ಮೂರು ವಾರವೂ ಇರಲಿಲ್ಲ, ಅಲ್ವಾ?

ಮೊದಲು ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡೆ. ಸಾಂಟಾ, ಹಿಮದ ಗೊಂಬೆ ಇರುವ ಸುರುಳಿಗಳು ಒಂದು ಕಡೆ. ಬರೀ ಕೆಂಪು, ಹಸಿರು, ಚಿನ್ನದ ಬಣ್ಣದವು ಇನ್ನೊಂದು ಕಡೆ. ಈ ಮೂರು ಬಣ್ಣ ನಮ್ಮ ಯಾವ ಹಬ್ಬಕ್ಕೆ ತಾನೇ ಒಪ್ಪುವುದಿಲ್ಲ?

ಎಳ್ಳು ಬೀರುವುದಕ್ಕೇ ಕಾಗದ ಜಾಸ್ತಿ ಖರ್ಚಾಯಿತು. ಎಳ್ಳು-ಬೆಲ್ಲವನ್ನು ನೇರವಾಗಿ ಈ ಕಾಗದಕ್ಕೆ ಹಾಕಬಾರದು. ಒಂದು, ಅದು ತಿನ್ನುವ ಪದಾರ್ಥ ಕಟ್ಟಲು ಮಾಡಿದ ಕಾಗದವಲ್ಲ. ಇನ್ನೊಂದು, ಕೊಬ್ಬರಿ ಮತ್ತು ಶೇಂಗಾದ ಎಣ್ಣೆ ಸಂಜೆಯೊಳಗೆ ಕಲೆ ಮೂಡಿಸುತ್ತದೆ. ಅದಕ್ಕೇ ಮೊದಲು ಪುಟ್ಟ ಪಾರದರ್ಶಕ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಎಂಟು ಇಂಚಿನ ಚೌಕ ಕತ್ತರಿಸಿ, ಹಿಂದೆ ದಿನಸಿ ಅಂಗಡಿಯವರು ಕಟ್ಟುತ್ತಿದ್ದ ಹಾಗೆ ಶಂಕುವಿನಂತೆ ಸುತ್ತಿ, ಚೀಲವನ್ನು ಅದರೊಳಗೆ ಇಳಿಸಿದೆ. ತುಂಬಾ ಸುರುಳಿಗಳ ಹಿಂಬದಿಯಲ್ಲಿ ಚೌಕಳಿ ಗೆರೆ ಇರುತ್ತದೆ. ಅದನ್ನು ಹಿಡಿದು ಕತ್ತರಿಸಿದರೆ ಸ್ಕೇಲೇ ಬೇಡ. ಸಕ್ಕರೆ ಅಚ್ಚು ಬೇಗ ಮುರಿಯುತ್ತದೆ. ಅದನ್ನು ಉಡುಗೊರೆ ಡಬ್ಬಿಯಲ್ಲಿಟ್ಟು, ಕೆಳಗೆ ಕಾಗದದ ಚೂರುಗಳ ಮೆತ್ತೆ ಹಾಸಿದೆ. ಗೇಣುದ್ದದ ರಿಬ್ಬನ್ ತುಂಡುಗಳನ್ನೂ ಬಿಡಲಿಲ್ಲ. ಪೊಟ್ಟಣದ ತುದಿ ಬಿಗಿಯಲು ಅಷ್ಟೇ ಸಾಕು.

ವರಮಹಾಲಕ್ಷ್ಮಿಗೆ ಉಡುಗೊರೆ ಚೀಲಗಳೇ ತಾಂಬೂಲದ ಚೀಲಗಳಾದವು. ಕ್ರಿಸ್‌ಮಸ್ ಶುಭಾಶಯ ಅಚ್ಚಾಗಿದ್ದ ಜಾಗಕ್ಕೆ ಚಿನ್ನದ ಕಾಗದದ ಚೌಕ ಅಂಟಿಸಿದೆ. ಗಾಜಿನ ಬಳೆಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಿದೆ. ಆದರೆ ಒದ್ದೆ ವೀಳ್ಯದೆಲೆಯ ಹತ್ತಿರ ಬಣ್ಣದ ಟಿಶ್ಯೂ ಇಡಬೇಡಿ. ತೇವ ತಾಗಿದರೆ ಬಣ್ಣ ಬಿಡುತ್ತದೆ, ರೇಷ್ಮೆ ಸೀರೆಗೆ ತಗುಲಿದರೆ ಹೋಗುವುದು ಕಷ್ಟ.

ದಸರೆಯ ಗೊಂಬೆ ಹಬ್ಬಕ್ಕೆ ರಟ್ಟಿನ ಪೆಟ್ಟಿಗೆ ಜೋಡಿಸಿ ಐದು ಮೆಟ್ಟಿಲು ಮಾಡಿದೆ. ಮೆಟ್ಟಿಲ ಮೇಲೆ ಬಿಳಿ ಪಂಚೆ ಹಾಸಿದೆ, ಮುಂಭಾಗಕ್ಕೆ ಮಾತ್ರ ಚಿನ್ನದ ಹಾಳೆ. ದೀಪದ ಬೆಳಕಿಗೆ ಪಟ್ಟದ ಗೊಂಬೆಗಳ ಕಳೆಯೇ ಬೇರೆ! ದೀಪ ಎಣ್ಣೆಯದಾದರೆ ಕಾಗದದಿಂದ ಚೆನ್ನಾಗಿ ದೂರ ಇಡಿ. ನಾನು ಮೆಟ್ಟಿಲ ಬಳಿ ವಿದ್ಯುತ್ ದೀಪವನ್ನೇ ಇಟ್ಟಿದ್ದೆ.

ಸಾಂಟಾ ಕಾಗದಕ್ಕೆ ಹಿಂಬದಿಯೇ ಆಸ್ತಿ. ಬಿಳಿ ಮೈಯನ್ನು ಹೊರಗೆ ಮಾಡಿ ಮಕ್ಕಳ ಕನ್ನಡ ಪುಸ್ತಕಗಳಿಗೆ ಬೈಂಡ್ ಹಾಕಿದೆ. ಮೇಲೆ ಅವರೇ ಚಿತ್ರ ಬರೆದುಕೊಂಡರು. ಉಳಿದದ್ದು ಅಡುಗೆಮನೆಯ ಡ್ರಾಯರಿಗೆ ಹಾಸಾಯಿತು.

ಕೊನೆಗೆ ಉಳಿಯುವ ಚೂರುಗಳನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತೇನೆ. ಮುದುಡಿ ಹಾಗೇ ನಿಂತರೆ ಸಾಮಾನ್ಯವಾಗಿ ಅದು ಬರೀ ಕಾಗದ, ಮರುಬಳಕೆಯ ಡಬ್ಬಿಗೆ ಹಾಕಬಹುದು. ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಪದರ ಇದೆ ಎಂದರ್ಥ, ಹಾಕಬಾರದು. ಮಿನುಗುಪುಡಿ ಇರುವುದೂ ಬೇಡ. ರಿಬ್ಬನ್ ಅಂತೂ ಕಸ ವಿಂಗಡಿಸುವ ಯಂತ್ರಕ್ಕೆ ಸುತ್ತಿಕೊಂಡು ಅದನ್ನೇ ನಿಲ್ಲಿಸಿಬಿಡುತ್ತದೆ. ಚಳಿ ಅಂತ ಈ ಚೂರುಗಳನ್ನು ಮನೆಯ ಬೆಂಕಿಗೂಡಿಗೆ ಮಾತ್ರ ಹಾಕಬೇಡಿ. ಭಗ್ಗನೆ ಹೊತ್ತಿ ಕಿಡಿ ಮೇಲೇರುತ್ತದೆ, ಚಿಮಣಿಯೊಳಗಿನ ಮಸಿಗೂ ಬೆಂಕಿ ಹತ್ತಬಹುದು.