ಹೂವಿನ ದಾರದಲ್ಲಿ ಅಮೆರಿಕ ಅಳೆದದ್ದು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದು ಸಣ್ಣ ಟಿಕೆಟ್ ಬುಕಿಂಗ್ ಅಂಗಡಿ. ಗ್ಲೋಬ್ ಮೇಲೆ ದಾರ ಎಳೆದು ವಿಮಾನದ ಹೊತ್ತು ಹೇಳ್ತೇನೆ ಅಂದಾಗ ಪಕ್ಕದ ರಸ್ತೆಯ ಏಜೆಂಟರು, "ನಿಮ್ಮ ಹತ್ರ ಮೊಬೈಲ್ ಇಲ್ವಾ ಮಾರಾಯ್ರೆ?" ಎಂದು ನಕ್ಕಿದ್ದರು. ಮೊಬೈಲ್ ಇದೆ. ಆದರೆ ಜುಲೈ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ತೀರ್ಥಹಳ್ಳಿ ಕಡೆಯಿಂದ ಬಂದ ಅಜ್ಜಿಗೆ ಏನು ತೋರಿಸೋದು? "ಮಗನ ಮನೆ ಎಷ್ಟು ದೂರ ತಮ್ಮಾ?" ಅಂದವರಿಗೆ 14 ಸಾವಿರ ಕಿಲೋಮೀಟರ್ ಅಂದರೆ ಏನೂ ಅನ್ನಿಸೋದಿಲ್ಲ. ದಾರ ಕಂಡರೆ ಅನ್ನಿಸುತ್ತದೆ.

ಮೊದಲು ಗೋಡೆಯ ಮ್ಯಾಪಿಗೆ ಸ್ಕೇಲ್ ಇಟ್ಟೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14ರ ಬದಲು 18 ಸಾವಿರ ಬಂತು! ಆಮೇಲೆ 400 ರೂಪಾಯಿಯ ಪ್ಲಾಸ್ಟಿಕ್ ಗ್ಲೋಬ್. ಎರಡು ಹೋಳು ಕೂಡುವಲ್ಲಿ ಸುಮಾತ್ರಾ ಅರ್ಧ ಬೆರಳು ಸರಿದಿತ್ತು. ಕೊನೆಗೆ ಬೆಂಗಳೂರಿಂದ 30 ಸೆಂಟಿಮೀಟರಿನದು ತರಿಸಿದೆ, ಎರಡೂವರೆ ಸಾವಿರ ಆಯ್ತೇನೋ. ಅದರ ಸುತ್ತಳತೆ 94. ಅಂದರೆ ಸೆಂಟಿಮೀಟರಿಗೆ ಸುಮಾರು 425 ಕಿಲೋಮೀಟರ್.

ದಾರ ಇನ್ನೂ ಜಾಸ್ತಿ ಕಾಡಿತು. ಹೊಲಿಗೆ ದಾರ ಎಳೆದಷ್ಟೂ ಹಿಗ್ಗುತ್ತದೆ. ಬಾಳೆನಾರು ಒದ್ದೆ ಇರುವಾಗ ಸರಿ, ಸಂಜೆಗೆ ಸೆಟೆದುಕೊಳ್ಳುತ್ತದೆ. ಗಾಳದ ದಾರ ನಿಲ್ಲೋದೇ ಇಲ್ಲ, ಜಾರುತ್ತದೆ. ಹೂ ಕಟ್ಟುವ ದಾರಕ್ಕೆ ಜೇನುಮೇಣ ಸವರಿದೆ, ಕೂತಿತು.

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದರೆ 33 ಸೆಂಟಿಮೀಟರ್. ದಾರ ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯುತ್ತದೆ. ವಿಮಾನ ಹಾಗೆ ಹೋಗಬೇಕಲ್ಲ! ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ 10 ಸಾವಿರ ಅಡಿಗೆ ಇಳಿಯಬೇಕು, ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ಸುತ್ತು. ದಾರ ಬಾಗಿಸಲು ಮೇಣದ ಸಣ್ಣ ಉಂಡೆ ಅಂಟಿಸುತ್ತೇನೆ. ಎಲ್ಲೆಲ್ಲಿ ಅಂತ ಹೇಳೋದಿಲ್ಲ, ಅದು ನನ್ನ ಹೊಟ್ಟೆಪಾಡು. ಆಗ ಹತ್ತಿರ ಹತ್ತಿರ 35. ಗಂಟೆಗೆ 870ರಂತೆ ಭಾಗಿಸಿದರೆ 17 ಗಂಟೆ ಚಿಲ್ಲರೆ.

ಸುಮ್ನೆ ಲಂಡನ್ನಿಗೂ ಎಳೆದೆ, 19 ಬಂತು. ದಾರ ಒಂದೇ, ಹೊತ್ತು ಎರಡು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ.

ಪೆಟ್ಟು ತಿಂದದ್ದು ಗಡಿಯಾರದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದವರಿಗೂ ನಮಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಮೇಲೆ ಹನ್ನೆರಡೂವರೆ. ನಾನು ಮರೆತೆ. ಸಾಗರದ ದಂಪತಿ ಸಂಜೆ ಐದೂವರೆಗೆ ಇಳೀತಾರೆ ಅಂತ ಮುಂದಿನ ಟಿಕೆಟ್ ಬೇರೆ ಮಾಡಿದ್ದೆ. ಅಲ್ಲಿ ಆರೂವರೆ ಆಗಿತ್ತು. ಇಮಿಗ್ರೇಷನ್ ಸಾಲಿನಲ್ಲೇ ಎರಡನೇ ವಿಮಾನ ಹೋಯ್ತು. ಹೊಸ ಟಿಕೆಟ್ಟಿಗೆ ನನ್ನ ಕೈಯಿಂದ 35 ಸಾವಿರದ ಮೇಲೆ ಕೊಟ್ಟೆ. ಆ ವರ್ಷ ಮನೆಗೆ ಫ್ರಿಜ್ ಬರಲಿಲ್ಲ.

ಹೋದ ಜನವರಿಯಲ್ಲಿ ಆ ಅಜ್ಜಿ ಹೊರಟರು, ಅಪ್ಪೆಮಿಡಿ ಉಪ್ಪಿನಕಾಯಿ ಸಮೇತ. ಹದಿನೇಳು ಕಾಲು ಗಂಟೆ ಅಂತ ಚೀಟಿ ಬರೆದು ಕೊಟ್ಟಿದ್ದೆ. ಇಳಿದ ಮೇಲೆ ಮಗ ಫೋನ್ ಮಾಡಿದರು: ಹತ್ತು ನಿಮಿಷ ಹೆಚ್ಚುಕಮ್ಮಿ, ಅಷ್ಟೇ.

ನಕ್ಕ ಏಜೆಂಟರ ಟೇಬಲ್ ಮೇಲೂ ಈಗ ಒಂದು ಗ್ಲೋಬ್ ಬಂದಿದೆ. ಪಕ್ಕದಲ್ಲಿ ಹೊಲಿಗೆ ದಾರದ ರೀಲು ಇಟ್ಟಿದ್ದಾರೆ. ನಾನೇನೂ ಹೇಳಲು ಹೋಗಲಿಲ್ಲ.