ಕೇಳಿ ಮಾಡಿಸಿದರೆ ಅರ್ಧ ಖರ್ಚು ನನ್ನದು

ಬಾಡಿಗೆಯವರು ಮನೆಯಲ್ಲಿ ಏನಾದರೂ ಬದಲಿಸುವುದಿದ್ದರೆ ನನ್ನ ಕೇಳಿ ಮಾಡಿಸಲಿ, ಅರ್ಧ ಖರ್ಚು ನಾನೇ ಕೊಡುತ್ತೇನೆ ಅಂದಾಗ, ‘ಬಾಡಿಗಿಯವ್ರ ಹುಚ್ಚಿಗೆ ನೀ ಯಾಕ ರೊಕ್ಕ ಸುರೀತಿ?’ ಅಂತ ನಮ್ಮ ಕಾಕಾ ನಕ್ಕಿದ್ದರು. ಈಗ ನಾಲ್ಕು ವರ್ಷ. ಧಾರವಾಡದ ಮಾಳಮಡ್ಡಿಯ ಮನೆ, ಸಪ್ತಾಪುರದ ಮೂರು ಪೋರ್ಷನ್ ಸೇರಿ, ನನ್ನ ಕೇಳದೆ ಒಬ್ಬರೂ ಗವಂಡಿಯನ್ನು (ಗಾರೆ ಕೆಲಸದವನನ್ನು) ಒಳಗೆ ಬಿಟ್ಟಿಲ್ಲ.

ಮೊದಲು ಎಲ್ಲರಂತೆ ಹನ್ನೊಂದು ತಿಂಗಳ ಕರಾರಿನಲ್ಲಿ ‘ಪರವಾನಗಿ ಇಲ್ಲದೆ ಏನೂ ಬದಲಿಸಕೂಡದು’ ಅಂತ ಬರೆಸುತ್ತಿದ್ದೆ. ಓದುವವರು ಯಾರು? ಮಾಳಮಡ್ಡಿಯದು ಹಳೇ ಮನೆ. ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಿಲಾವ್. ಒಬ್ಬರು ಹಾಲ್‌ಗೆಲ್ಲ ಆಯಿಲ್ ಪೇಂಟ್ ಬಳಿಸಿಬಿಟ್ಟರು. ಚೆಂದವೇ ಕಂಡಿತು, ಸುಳ್ಳು ಯಾಕೆ ಹೇಳಲಿ. ಎರಡನೇ ಮಳೆಗಾಲಕ್ಕೆ ಗೋಡೆಯ ತೇವಕ್ಕೆ ಹೊರಬರುವ ದಾರಿಯಿಲ್ಲದೆ ಬಣ್ಣ ಹಪ್ಪಳದಂತೆ ಎದ್ದು ಗಿಲಾವ್ ಸಮೇತ ಉದುರಿತು. ಕೆರೆದು ಮತ್ತೆ ಸುಣ್ಣಕ್ಕೆ ತರಲು 38 ಸಾವಿರದ ಆಸುಪಾಸು. ಡಿಪಾಜಿಟ್‌ನಲ್ಲಿ ಮುರಿದರೆ, ‘ನಿಮ್ಮ ಮನಿ ಛಂದ ಮಾಡಿದ್ದಕ್ಕ ನಮಗ ದಂಡ ಏನ್ರೀ ಅಣ್ಣಾರ?’ ಅಂತ ಓಣಿ ಕೂಡುವ ಜಗಳ. ಕೊನೆಗೆ 15 ಸಾವಿರಕ್ಕೆ ಸುಮ್ಮನಾದೆ. ಸಪ್ತಾಪುರದಲ್ಲಿ ಇನ್ನೊಬ್ಬರು ಸಜ್ಜಾದ ಮೇಲೆ ಸಾವಿರ ಲೀಟರ್ ಟ್ಯಾಂಕ್ ಕೂಡ್ರಿಸಿದ್ದರು. ಬರೀ ನೀರೇ ಒಂದು ಟನ್!

ವಕೀಲರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ತೋರಿಸಿದರು. ಒಪ್ಪಿಗೆ ಇಲ್ಲದೆ ಕಾಯಂ ಕಟ್ಟಡ ಎಬ್ಬಿಸುವಂತಿಲ್ಲ, ಖರೆ. ಆದರೆ ಬಾಡಿಗೆಯವರು ತಾವು ಕೂಡಿಸಿದ್ದನ್ನು ಹೋಗುವಾಗ ಬಿಚ್ಚಿಕೊಂಡು ಹೋಗಬಹುದು, ಮನೆಯನ್ನು ಮಾತ್ರ ಮೊದಲಿದ್ದಂತೆ ಬಿಡಬೇಕು. ಮೊದಲು ಹೇಗಿತ್ತು ಅನ್ನುವುದಕ್ಕೆ ನನ್ನ ಹತ್ತಿರ ಏನಿತ್ತು? ಮಣ್ಣು.

ಈಗ ಕೀಲಿ ಕೊಡುವ ದಿನ ಅವರನ್ನೇ ಕರೆದುಕೊಂಡು ನಳ, ಸ್ವಿಚ್, ಗೋಡೆ, ಬಚ್ಚಲದ ಇಳಿಜಾರು ಎಲ್ಲ ಮೊಬೈಲಿನಲ್ಲಿ ವಿಡಿಯೋ. ವಾಟ್ಸಪ್ಪಿಗೆ ಕಳಿಸಿ ‘ನೋಡೇವಿ’ ಅಂತ ಉತ್ತರ ಬರುವವರೆಗೆ ಕೀಲಿ ಇಲ್ಲ. ಆಮೇಲೆ ಬಾಯಿಮಾತಿನಲ್ಲೇ: ಕೇಳಿ ಮಾಡಿಸಿದರೆ ಅರ್ಧ ನನ್ನದು, ಗವಂಡಿ ನನ್ನವನು, ಕೇಳದಿದ್ದರೆ ಪೂರ್ತಿ ನಿಮ್ಮದು, ಬಿಚ್ಚುವುದೂ ನಿಮ್ಮದು. ನನ್ನ ಅರ್ಧವನ್ನು ಒಮ್ಮೆಲೆ ಕೊಡುವುದಿಲ್ಲ, ಬಾಡಿಗೆಯಲ್ಲಿ ತಿಂಗಳಿಗೆ ಐನೂರು ಬಿಡುತ್ತೇನೆ. ನಡುವೆ ಮನೆ ಬಿಟ್ಟು ಹೋದರೆ ಕೊಡದೆ ಉಳಿದದ್ದು ನನಗೇ. ಮೊದಲ ವರ್ಷ 22 ಸಾವಿರದಷ್ಟು ಹೋಯಿತು. ಸೊಳ್ಳೆ ಜಾಳಿಗೆ, ಕಪಾಟು ಆದವು, ಮುಂದಿನವರು ಏಳುನೂರು ಹೆಚ್ಚಿಗೆ ಕೊಟ್ಟು ಬಂದರು. ಯಾವ ಕೆಲಸಕ್ಕೆ ಪೂರ್ತಿ ನಾನೇ ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ. ನನ್ನ ಬಾಡಿಗೆಯವರೂ ಓದುತ್ತಾರೆ.

ಮೊಳೆಯ ಕಾಟಕ್ಕೆ ಪ್ಲೈವುಡ್ ಪಟ್ಟಿ ಹೊಡೆಸಿ ನೋಡಿದೆ. ಬಾಡಿಗೆಯ ಹುಡುಗರು ಪಟ್ಟಿ ಬಿಟ್ಟು ಅದರ ಮೇಲಿನ ಗೋಡೆಗೇ ಮೊಳೆ ಬಡಿದರು. ಒಂದು ಗೋಡೆಗೆ ಕರಿಹಲಗೆಯ ಬಣ್ಣ ಬಳಿಸಿದ್ದು ಮಾತ್ರ ಫಲಿಸಿತು. ಕೆಎಎಸ್‌ಗೆ ಓದುವವರು ಇಸ್ವಿ ಬರೆದು ಅದನ್ನೇ ತುಂಬಿಸುತ್ತಾರೆ, ಉಳಿದ ಮೂರು ಗೋಡೆ ಬಚಾವ್. ಖಡುವಿನ ಧೂಳು ಗುಡಿಸುವವರು ಯಾರು ಅನ್ನುವ ಜಗಳ ಇನ್ನೂ ನಡೆದಿದೆ.